ಒಂದೇ ಬಾಕಿ, ಇಬ್ಬರು ವಕೀಲರು, ಇಬ್ಬರಿಗೂ 35 ಸಾವಿರ

ಪೀಣ್ಯ ಲೇತ್
ಭಾನುವಾರ, ಬೆಳಿಗ್ಗೆ 11.20

ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ. ಹೋದ ವಾರ ಒಬ್ಬರು "ಬಾಕಿ ವಸೂಲಿಗೆ ಒಳ್ಳೆ ವಕೀಲರಿದ್ದರೆ ಹೇಳಿ" ಅಂತ ಕೇಳಿದ್ರು. ನಂಬರ್ ಕೊಡೋದು ಎರಡು ನಿಮಿಷದ ಕೆಲಸ. ಆದ್ರೆ ನನಗೂ ಯಾರೋ ಹಾಗೇ ನಂಬರ್ ಕೊಟ್ಟು, ಆಮೇಲೆ ಆಗಿದ್ದು ಏನು ಅಂತ ಹೇಳಲೇಬೇಕು ಅನಿಸ್ತು.

ಪೀಣ್ಯ ಎರಡನೇ ಹಂತದಲ್ಲಿ ನಂದೊಂದು ಸಣ್ಣ ಸಿಎನ್‌ಸಿ ಶಾಪ್. ಮೂರು ಮೆಷಿನ್ನು, ಏಳು ಜನ. ಪುಣೆಯ ಒಂದು ಕಂಪನಿಗೆ ಬುಷ್, ಸ್ಪೇಸರ್ ಥರದ ಮೆಷಿನ್ ಬಿಡಿಭಾಗ ಮಾಡಿಕೊಡ್ತಿದ್ದೆ. 2022ರ ಆಗಸ್ಟ್‌ನಿಂದ 2023ರ ಫೆಬ್ರವರಿ ತನಕ ಕಳಿಸಿದ ಮಾಲಿಗೆ 11 ಬಿಲ್ಲು ಬಾಕಿ ಉಳೀತು. ಒಟ್ಟು 14,62,300. ಮೊದಮೊದಲು "ಮುಂದಿನ ವಾರ ಸಾರ್", ಆಮೇಲೆ "ಕ್ವಾರ್ಟರ್ ಮುಗೀಲಿ", ಕೊನೆಗೆ ಫೋನ್ ಎತ್ತೋದೇ ನಿಲ್ಲಿಸಿದ್ರು. ತೀರಾ ಪೀಡಿಸಿದ ಮೇಲೆ 2023ರ ಜೂನ್ 5ರ ತಾರೀಖು ಹಾಕಿ ನಾಲ್ಕು ಲಕ್ಷದ ಒಂದು ಚೆಕ್ ಕೊಟ್ಟರು. 12ನೇ ತಾರೀಖು ಅದು ವಾಪಸ್ ಬಂತು. ಬ್ಯಾಂಕಿನ ಮೆಮೊದಲ್ಲಿ 'ಖಾತೆಯಲ್ಲಿ ಹಣ ಸಾಲದು' ಅನ್ನೋ ಕಡೆ ಒಂದು ಟಿಕ್ಕು.

ನಮ್ಮ ಮನೇಲಿ ಯಾರೂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲ. ತುಮಕೂರಿನ ಕಡೆ ನಮ್ಮ ಭಾವನಿಗೆ ಪರಿಚಯದ ಒಬ್ಬ ವಕೀಲರಿದ್ರು. ಭಾವನ ಜಮೀನಿನ ಪಾಲು ವಿಭಾಗದ ಕೇಸು ನಡೆಸಿ ಗೆಲ್ಲಿಸಿದವರು. "ನಮ್ಮೋರೇ, ಮೋಸ ಆಗಲ್ಲ" ಅಂದ ಭಾವ. ಹೋದೆ. ತುಂಬಾ ಮರ್ಯಾದೆಯಿಂದ ಮಾತಾಡಿಸಿದ್ರು. ಫೈಲು ತೆಗೆಯೋಕೆ ಹೋದ್ರೆ "ಇರಲಿ ಬಿಡಿ, ಅದೆಲ್ಲ ಆಮೇಲೆ ನೋಡೋಣ, ಮೂರು ತಿಂಗಳಲ್ಲಿ ದುಡ್ಡು ನಿಮ್ಮ ಕೈಲಿರುತ್ತೆ" ಅಂದ್ರು. ಆ ಮಾತಿಗೇ ಅರ್ಧ ಹೊಟ್ಟೆ ತುಂಬಿತು. 25 ಸಾವಿರ ಕೈಗೆ ಕೊಟ್ಟು ಬಂದೆ. ರಸೀದಿ ಕೇಳೋದು ಅವಮಾನ ಮಾಡಿದಂಗೆ ಆಗುತ್ತೆ ಅಂತ ಕೇಳಲಿಲ್ಲ.

ನೋಟಿಸ್ ಹೋಗಿದ್ದು ಜುಲೈ 24ಕ್ಕೆ. ಚೆಕ್ ವಾಪಸ್ ಬಂದ ವಿಷಯ ಗೊತ್ತಾದ 30 ದಿನದೊಳಗೆ ನೋಟಿಸ್ ಹೋಗಿರಬೇಕು, ಇಲ್ಲದಿದ್ರೆ ಚೆಕ್ ಬೌನ್ಸಿನ 138ನೇ ಸೆಕ್ಷನ್ ಕೇಸು ನಿಲ್ಲಲ್ಲ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು. ಲೆಕ್ಕ ಹಾಕಿ, 42 ದಿನ ಆಗಿತ್ತು. ಚೆಕ್ಕಿಗೆ ಮೂರು ತಿಂಗಳು ಆಯಸ್ಸು ಇರುತ್ತಲ್ಲ, ಸೆಪ್ಟೆಂಬರ್ ಮೊದಲ ವಾರದೊಳಗೆ ಅದನ್ನೇ ಇನ್ನೊಂದು ಸಲ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸ್ ಬಂದ್ರೆ ಹೊಸದಾಗಿ 30 ದಿನ ಸಿಗ್ತಿತ್ತಂತೆ. ಅದನ್ನೂ ಯಾರೂ ಹೇಳಲಿಲ್ಲ. ಚೆಕ್ಕು ನನ್ನ ಡ್ರಾಯರ್‌ನಲ್ಲಿ, ವರ್ನಿಯರ್ ಡಬ್ಬಿ ಕೆಳಗೆ ಹಾಗೇ ಮಲಗಿತ್ತು.

ಆಮೇಲೆ "ದಾವಾ ಹಾಕಿದೀನಿ" ಅಂದ್ರು. ನಂಬರ್ ಕೇಳಿದ್ರೆ "ಇನ್ನೂ ನಂಬರ್ ಆಗಿಲ್ಲ, ಆಬ್ಜೆಕ್ಷನ್‌ನಲ್ಲಿದೆ". ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಎಲ್ಲಾ ತಿಂಗಳೂ ಆಬ್ಜೆಕ್ಷನ್‌ನಲ್ಲೇ ಇತ್ತು. ನಮ್ಮ ಆಪರೇಟರ್ ಹುಡುಗ ಮೊಬೈಲ್‌ನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಟ್ಟ. ಪಾರ್ಟಿ ಹೆಸರು ಹಾಕಿ ತುಮಕೂರು ಹುಡುಕಿದ್ವಿ, ಬೆಂಗಳೂರು ಹುಡುಕಿದ್ವಿ. ಮೆಷಿನ್ ಓಡ್ತಾ ಇದೆ, ಕೂಲೆಂಟ್ ಹತ್ತಿದ ಬೆರಳಲ್ಲಿ ಸ್ಕ್ರೀನ್ ಸರಿಸ್ತಾ ನಿಂತಿದೀನಿ, ನನ್ನ ಹೆಸರಿನ ಎದುರು ಏನೂ ಇಲ್ಲ. ನಮ್ಮ ಹೆಸರಿನ ಇನ್ಯಾರದೋ ವಿಚ್ಛೇದನದ ಕೇಸು ಮಾತ್ರ ಸಿಕ್ತು.

ಎರಡನೇ ವಕೀಲರು ಸಿಕ್ಕಿದ ರೀತಿ ವಿಚಿತ್ರ. ನಮ್ಮ ಪಕ್ಕದ ಶೆಡ್‌ನಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡೋರು ಒಬ್ಬರಿದ್ದಾರೆ, ಹಿರಿಯರು. "ಯಾರಾದ್ರೂ ಗೊತ್ತಾ ಅಣ್ಣ" ಅಂದೆ. "ನನ್ನ ವಕೀಲನ್ನ ಹೇಳಲ್ಲ, ಅವನು ಸೋತ. ನನ್ನ ಎದುರು ಪಾರ್ಟಿಗೆ ಒಬ್ಬ ಹೆಣ್ಣುಮಗಳು ಬಂದಿದ್ಲು, ಮಾಲು ಕಳಿಸಿದ ನನ್ನ ಒಂದೊಂದು ಚಲನ್ನೂ ಜಾಲಾಡಿಬಿಟ್ಲು. ಅವಳ ಹತ್ರ ಹೋಗು" ಅಂದ್ರು. ನಗಬೇಡಿ, ಇದಕ್ಕಿಂತ ಒಳ್ಳೆ ಶಿಫಾರಸು ನಾನು ಕೇಳಿಲ್ಲ.

ನವೆಂಬರ್‌ನಲ್ಲಿ ಹೋದೆ. ಮೊದಲನೇ ದಿನ ಆಯಮ್ಮ ಧೈರ್ಯದ ಒಂದು ಮಾತೂ ಹೇಳಲಿಲ್ಲ. "ಐದು ಸಾವಿರ ಆಗುತ್ತೆ, ಫೈಲು ಓದಿ ಕೇಸು ಇದೆಯೋ ಇಲ್ವೋ ಹೇಳ್ತೀನಿ" ಅಂದ್ರು. ಏನೇನು ತರಬೇಕು ಅಂತ ವಾಟ್ಸಾಪ್‌ನಲ್ಲಿ ಪಟ್ಟಿ ಬಂತು. ಪಿಒ (ಖರೀದಿ ಆರ್ಡರು), ಇನ್‌ವಾಯ್ಸು, ಆ ಕಂಪನಿ ಗೇಟಿನ ಸೀಲ್ ಇರೋ ಚಲನ್, ಮಾಲು ಸಾಗಿಸೋಕೆ ತೆಗೆಯೋ ಇ-ವೇ ಬಿಲ್ಲು, ಜಿಆರ್‌ಎನ್ (ಮಾಲು ಮುಟ್ಟಿದ್ದಕ್ಕೆ ಅವರು ಬರೆಯೋ ಚೀಟಿ), ಉದ್ಯಮ್ ಸರ್ಟಿಫಿಕೇಟು (ಸಣ್ಣ ಉದ್ಯಮದ ನೋಂದಣಿ), ಆ ಕಂಪನಿ ಜೊತೆ ಮಾಡಿದ ಅಷ್ಟೂ ಇಮೇಲು. ತಗೊಂಡು ಹೋದೆ. ಎದುರಿಗೆ ಕೂರಿಸ್ಕೊಂಡು ಎರಡು ಗಂಟೆ, ಒಂದೊಂದೇ ಹಾಳೆ ತಿರುವಿದ್ರು. 11 ಬಿಲ್ಲಿನಲ್ಲಿ ಮೂರರ ಚಲನ್‌ಗೆ ಸೀಲಿಲ್ಲ. ಪೆನ್ಸಿಲ್‌ನಲ್ಲಿ ಸೊನ್ನೆ ಸುತ್ತಿ "ಇದಕ್ಕೆ ಏನು ಸಾಕ್ಷಿ?" ಅಂದ್ರು. ನನ್ನ ಹತ್ರ ಉತ್ತರ ಇಲ್ಲ. ಬಯ್ಯೋದೊಂದು ಬಾಕಿ.

ಆಮೇಲೆ ಕೇಳಿದ್ರು, "ಮಾರ್ಚ್ ಕೊನೇಲಿ ಬ್ಯಾಲೆನ್ಸ್ ಕನ್ಫರ್ಮೇಷನ್ ಅಂತ ಏನಾದ್ರೂ ಬಂದಿತ್ತಾ?" ಮೇಲ್ ಹುಡುಕಿದ್ರೆ ಇದೆ! ಆ ಕಂಪನಿ ಅಕೌಂಟ್ಸ್ ವಿಭಾಗದಿಂದ, ಅವರ ಆಡಿಟ್ಟಿಗೆ ಅಂತ, 31-3-2023ಕ್ಕೆ ನಮಗೆ ಕೊಡಬೇಕಾದ್ದು 14,62,300 ಅಂತ ಅವರೇ ಬರೆದು ನನ್ನ ಒಪ್ಪಿಗೆ ಕೇಳಿದ್ದ ಮೇಲು. ನಾನು "ಓಕೆ ಸಾರ್" ಅಂತ ಉತ್ತರ ಹಾಕಿ ಮರೆತುಬಿಟ್ಟಿದ್ದೆ. ಸೀಲಿಲ್ಲದ ಮೂರು ಬಿಲ್ಲೂ ಅದರೊಳಗೆ ಸೇರಿದ್ವು. ಆಯಮ್ಮ ಅವತ್ತು ನಕ್ಕಿದ್ದು ಅದೊಂದೇ ಸಲ.

ಮುಂದಿನ ಕಥೆ ಸಂಕ್ಷೇಪವಾಗಿ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮದ ಬಾಕಿಗೆ ಫೆಸಿಲಿಟೇಷನ್ ಕೌನ್ಸಿಲ್ ಅಂತ ಒಂದು ಸರ್ಕಾರಿ ಸಮಿತಿ ಇದೆ, ಆಗ ಅದಕ್ಕೆ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಪಿಒ ಹಿಂಬದೀಲಿ "ವ್ಯಾಜ್ಯಗಳೆಲ್ಲ ಪುಣೆ ನ್ಯಾಯಾಲಯಕ್ಕೆ ಒಳಪಟ್ಟು" ಅಂತ ಇತ್ತು, ನಾನು ಅದಕ್ಕೇ ಹೆದರಿದ್ದೆ. ಆದ್ರೆ ಮಾಲು ಕೊಟ್ಟವನು ಎಲ್ಲಿದ್ದಾನೋ ಅಲ್ಲಿನ ಕೌನ್ಸಿಲ್‌ಗೆ ಅಧಿಕಾರ, ಕೊಂಡವನು ದೇಶದ ಯಾವ ಮೂಲೇಲಿದ್ರೂ ಸರಿ. ಪುಣೆಯವರು ಮೊದಲ ನೋಟಿಸಿನ ಉತ್ತರದಲ್ಲಿ "ಬೋರ್ ಸೈಜ್ ಔಟ್", ಅಂದ್ರೆ ತೂತಿನ ಅಳತೆ ತಪ್ಪು ಅಂತ, 1,84,000 ಕಳೆಯೋ ಡೆಬಿಟ್ ನೋಟ್ ಎಬ್ಬಿಸಿದ್ರು. ಮಾಲು ತಲುಪಿದ 15 ದಿನದೊಳಗೆ ಬರವಣಿಗೇಲಿ ತಕರಾರು ಎತ್ತದಿದ್ರೆ ಒಪ್ಪಿಕೊಂಡ ಹಾಗೇ ಅಂತ ಕಾಯ್ದೆಯ 2ನೇ ಸೆಕ್ಷನ್ನಲ್ಲೇ ಇದೆ. ಇವರು ಎತ್ತಿದ್ದು ಐದು ತಿಂಗಳ ಮೇಲೆ. 2024ರ ಜನವರಿಯಲ್ಲಿ ಅರ್ಜಿ, 2025ರ ಫೆಬ್ರವರಿಯಲ್ಲಿ ರಾಜಿ. 13 ಲಕ್ಷ, ನಾಲ್ಕು ಕಂತು, ಬಡ್ಡಿ ಬಿಟ್ಟುಕೊಟ್ಟೆ.

ಫೀಸು: ಓದೋಕೆ 5, ಅರ್ಜಿ ಹಾಕುವಾಗ 15, ಸಂಧಾನದ ಹಂತಕ್ಕೆ 15, ಸಂಧಾನ ಮುರಿದು ಆರ್ಬಿಟ್ರೇಷನ್‌ಗೆ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡೋ ಹಂತಕ್ಕೆ) ಹೋದ್ರೆ ಇನ್ನೊಂದು 15. ಎಲ್ಲ ಮೇಲ್‌ನಲ್ಲಿ ಬರೆದು ಕಳಿಸಿದ್ರು. ಆರ್ಬಿಟ್ರೇಷನ್‌ಗೆ ಹೋಗಲಿಲ್ಲ, ಹಾಗಾಗಿ 35 ಸಾವಿರ. ಮೊದಲನೆಯವರ ಹತ್ರ ಫೈಲ್ ವಾಪಸ್ ಕೇಳೋಕೆ ಹೋದಾಗ "ಇನ್ನೊಂದು ಹತ್ತು ಬರಬೇಕಲ್ಲ" ಅಂದ್ರು, ಕೊಟ್ಟೆ. ಅಲ್ಲಿಗೂ 35.


ಉದ್ಯಮಬಾಗ ಕಾಕಾ
ಭಾನುವಾರ, ಮಧ್ಯಾಹ್ನ 12.45

ಅಣ್ಣಾರ, ಓದಿ ನಮ್ಮದ ಕಥಿ ಓದಿದಂಗ ಆತು. ಬೆಳಗಾವಿ ಉದ್ಯಮಬಾಗದಾಗ ನಂದು ಸಣ್ಣ ಫೌಂಡ್ರಿ ಐತ್ರಿ. ನಮ್ಮ ಕಡಿ ವಕೀಲರನ್ನ ಹುಡುಕೂದು ಅಂದ್ರ ಮದಿವಿಗೆ ವರಾ ಹುಡುಕಿದಂಗ. ಯಾರ ಪೈಕಿ, ಯಾವ ಊರು, ನಮ್ಮ ಸೋದರಮಾವಗ ಏನಾಗಬೇಕು, ಇಷ್ಟ ಕೇಳ್ತೇವಿ. ಅಂವಾ ಇಂಥಾ ಕೇಸ್ ಎಷ್ಟ ನಡಿಸ್ಯಾನ ಅಂತ ಒಬ್ಬರೂ ಕೇಳಂಗಿಲ್ಲ.

ಒಂದ ಮಾತ ಕೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಕೆಲಸ ಮಾಡದವಗ ಮತ್ತ ಹತ್ತ ಸಾವಿರ ಯಾಕ ಕೊಟ್ರಿ?


ಪೀಣ್ಯ ಲೇತ್
ಭಾನುವಾರ, ಮಧ್ಯಾಹ್ನ 1.10

ಭಾವ ಪಕ್ಕದಲ್ಲೇ ಕೂತಿದ್ದ ಕಾಕಾ. ಅವರ ಮನೇಲಿ ಕಾಫಿ ಬೇರೆ ಕೊಟ್ಟಿದ್ರು. ಲೋಟ ಕೈಲಿ ಹಿಡ್ಕೊಂಡು ಜಗಳ ಆಡೋದು ಹೇಗೆ?


ಕರಿಕೋಟು
ಭಾನುವಾರ, ಸಂಜೆ 5.30

ನಾನು ವಕೀಲ, ಆರನೇ ವರ್ಷದ ಪ್ರಾಕ್ಟೀಸು, ಹೆಚ್ಚಾಗಿ ಕಮರ್ಷಿಯಲ್ ಕೋರ್ಟು. ಇದನ್ನ ಓದಿ ನಾಚಿಕೆಯೂ ಆಯ್ತು, ಸ್ವಲ್ಪ ಸಿಟ್ಟೂ ಬಂತು. ನಾಚಿಕೆ ಯಾಕೆ ಅಂತ ಹೇಳಬೇಕಿಲ್ಲ. ಸಿಟ್ಟು ಯಾಕೆ ಅಂದ್ರೆ, ತುಮಕೂರಿನ ಆ ಹಿರಿಯರು ಕೆಟ್ಟವರೇ ಇರಬೇಕು ಅಂತೇನಿಲ್ಲ. ಪಾಲು ವಿಭಾಗದ ಕೇಸಲ್ಲಿ ಹತ್ತು ವರ್ಷ ನಡೆದ್ರೂ ಆಸ್ತಿ ಎಲ್ಲಿಗೂ ಓಡಿ ಹೋಗಲ್ಲ. ಆ ಅಭ್ಯಾಸದಲ್ಲಿ ಬೆಳೆದವರ ಕೈಗೆ ದಿನ ಎಣಿಸೋ ಕೇಸು ಕೊಟ್ಟಿದ್ದೀರಿ. ಕಣ್ಣಿನ ಡಾಕ್ಟರ ಹತ್ರ ಹೋಗಿ ಹಲ್ಲು ಕೀಳಿಸಿಕೊಂಡ ಹಾಗೆ. "ನನ್ನ ಕೆಲಸ ಅಲ್ಲ" ಅಂತ ಅವರು ಹೇಳಬೇಕಿತ್ತು, ಅದು ತಪ್ಪು. ಆದ್ರೆ ಕೇಳದೇ ಕೊಟ್ಟಿದ್ದು ನೀವು.

ಫೈಲ್ ವಿಷಯ. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. ಇದು 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿ ಮುಗಿಸಿದ ವಿಷಯ. ಫೀಸಿನ ತಕರಾರು ಬೇರೆ, ಫೈಲು ಬೇರೆ. ನಿಮ್ಮ ಹತ್ತು ಸಾವಿರ ಭಾವನ ಮುಖಕ್ಕೆ ಕೊಟ್ಟ ಕಾಣಿಕೆ ಅಂದ್ಕೊಳ್ಳಿ. ಕೇಸೇ ದಾಖಲಾಗಿರಲಿಲ್ಲ, ಹಾಗಾಗಿ ಎನ್‌ಒಸಿ, ಅಂದ್ರೆ ಹಳೇ ವಕೀಲರ ಒಪ್ಪಿಗೆ ಪತ್ರದ ತಾಪತ್ರಯವೂ ನಿಮಗೆ ಬರಲಿಲ್ಲ. ವಕಾಲತ್ತು ಹಾಕಿದ ಮೇಲೆ ವಕೀಲರನ್ನ ಬದಲಾಯಿಸೋದಾದ್ರೆ ಹಳಬರ ಒಪ್ಪಿಗೆ ಪಡೆಯೋದು ರೂಢಿ. ಅವರು ಕೊಡದೇ ಸತಾಯಿಸಿದ್ರೆ ಕೋರ್ಟಿನ ಅನುಮತಿ ಕೇಳಬಹುದು.

ಇನ್ನೊಂದು. "ದಾವಾ ಹಾಕಿದೀನಿ" ಅನ್ನೋ ಮಾತು ಬಿದ್ದಾಗಲೇ ನಿಮಗೆ ಅನುಮಾನ ಬರಬಹುದಿತ್ತು. ಮೂರು ಲಕ್ಷ ಮತ್ತು ಅದಕ್ಕಿಂತ ಮೇಲಿನ ವಾಣಿಜ್ಯ ವ್ಯಾಜ್ಯಕ್ಕೆ, ತುರ್ತು ಆದೇಶ ಬೇಕಿಲ್ಲದಿದ್ರೆ, ದಾವಾಕ್ಕೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಹೋಗಲೇಬೇಕು. ಕಮರ್ಷಿಯಲ್ ಕೋರ್ಟ್ ಕಾಯ್ದೆಯ 12-ಎ ಅಂತೀವಿ. ಅದು ಕಡ್ಡಾಯ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದಿಲ್ಲದೆ ಹಾಕಿದ ದಾವಾವನ್ನ ತಿರಸ್ಕರಿಸ್ತಾರೆ. ನಿಮ್ಮನ್ನ ಯಾರೂ ಮಧ್ಯಸ್ಥಿಕೆಗೆ ಕರೆದಿಲ್ಲ ಅಂದ್ರೆ ದಾವಾ ಹಾಕಿದ್ರೂ ಅಲ್ಲಿ ನಿಲ್ಲೋಕೆ ಸಾಧ್ಯವೇ ಇರಲಿಲ್ಲ.

ನಿಮ್ಮ ಎರಡನೇ ವಕೀಲರು ಓದೋಕೆ ಫೀಸು ತಗೊಂಡ್ರಲ್ಲ, ದಯವಿಟ್ಟು ಎಲ್ಲರೂ ಗಮನಿಸಿ. ನಮ್ಮ ಹತ್ರ ಬರೋ ಸಣ್ಣ ಉದ್ಯಮಿಗಳಿಗೆ "ಒಂದು ನೋಟಿಸ್‌ಗೆ ಎಷ್ಟು?" ಅನ್ನೋದೇ ಮೊದಲ ಪ್ರಶ್ನೆ. ಕಡಿಮೆ ಹೇಳಿದವರಿಗೆ ಕೆಲಸ. ಆ ರೇಟಿಗೆ ಯಾರೂ ಫೈಲ್ ಓದಲ್ಲ, ಹಳೇ ನೋಟಿಸಲ್ಲಿ ಹೆಸರು ಬದಲಾಯಿಸಿ ಕಳಿಸ್ತಾರೆ. ಬೈಕೊಂಡ್ರೂ ಪರವಾಗಿಲ್ಲ, ಇರೋ ವಿಷಯ ಇದು.


ಸಾಗರದ ಅಪ್ಪೆಮಿಡಿ
ಭಾನುವಾರ, ರಾತ್ರಿ 8.05

ನಂದು ವಸೂಲಿ ಕಥೆ ಅಲ್ಲ, ಆದ್ರೂ ಇಲ್ಲೇ ಹೇಳ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಮತ್ತೆ ಸಾರಿನ ಪುಡಿ ಮಾಡಿ ಮಾರ್ತೇನೆ, ಮನೆ ಹಿಂದಿನ ಕೊಟ್ಟಿಗೆಯನ್ನೇ ಯುನಿಟ್ ಮಾಡಿಕೊಂಡಿದ್ದು. ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸೋಣ ಅಂತ ಇಂಟರ್ನೆಟ್‌ನಲ್ಲಿ ಮೊದಲು ಕಂಡವರಿಗೆ ದುಡ್ಡು ಹಾಕಿದೆ. ಸರ್ಕಾರಿ ಫೀಸು 4,500, ಅವರ ಚಾರ್ಜು 1,500. ಅಗ್ಗ ಅಲ್ವಾ! ಒಂದು ದಿನವೂ ಮನುಷ್ಯರ ಹತ್ರ ಮಾತಾಡಿದ್ದಿಲ್ಲ, ಎಲ್ಲ ಚಾಟ್‌ನಲ್ಲೇ.

ಟ್ರೇಡ್‌ಮಾರ್ಕಿನಲ್ಲಿ ಒಂದೊಂದು ಬಗೆಯ ಸರಕಿಗೆ ಒಂದೊಂದು ಕ್ಲಾಸು, ಅವರು ಅರ್ಜಿ ಹಾಕಿದ್ದು 30ನೇ ಕ್ಲಾಸಿನಲ್ಲಿ ಮಾತ್ರ. ಸಾರಿನ ಪುಡಿ ಅಲ್ಲಿಗೆ ಸರಿ. ಉಪ್ಪಿನಕಾಯಿ ಬರೋದು 29ರಲ್ಲಿ. ನನ್ನ ವ್ಯಾಪಾರದ ಮುಕ್ಕಾಲು ಪಾಲು ಉಪ್ಪಿನಕಾಯಿ! ಅದೂ ಸಾಯ್ಲಿ ಅಂದ್ರೆ, ರಿಜಿಸ್ಟ್ರಿಯಿಂದ ಬಂದ ಪರೀಕ್ಷಾ ವರದಿ ಅವರ ಇಮೇಲ್‌ಗೆ ಹೋಗಿದೆ, ನಂದು ಹಾಕೇ ಇಲ್ಲ. ಒಂದು ತಿಂಗಳಲ್ಲಿ ಉತ್ತರ ಕೊಡಬೇಕಿತ್ತು, ಯಾರೂ ಕೊಟ್ಟಿಲ್ಲ, ಅರ್ಜಿ ಬಿದ್ದು ಹೋಯ್ತು. ನಂಗೆ ಗೊತ್ತಾದದ್ದು ಒಂದೂವರೆ ವರ್ಷ ಕಳೆದ ಮೇಲೆ, ಹೊಸ ಲೇಬಲ್ ಐದು ಸಾವಿರ ಛಾಪಿಸಿ ಆಗಿತ್ತು. ಲೇಬಲ್ಲಿನ ಕಟ್ಟು ಈಗ್ಲೂ ಅಟ್ಟದ ಮೇಲಿದೆ, ಹಿಂಬದಿ ಖಾಲಿ ಇರೋದ್ರಿಂದ ಮಗಳು ಲೆಕ್ಕ ಬಿಡಿಸ್ಲಿಕ್ಕೆ ತಗೊಳ್ತಾಳೆ.

ಎರಡನೇ ಸಲ ಶಿವಮೊಗ್ಗದ ಒಬ್ಬ ವಕೀಲರ ಹತ್ರ ಹೋದೆ. ಅವರು ಮೊದಲು ಕೇಳಿದ್ದೇ "ಏನೇನು ಮಾರ್ತೀರಿ, ಒಂದೊಂದು ಬಾಟ್ಲಿ ತನ್ನಿ" ಅಂತ.


ಲೆಕ್ಕದ ಪುಸ್ತಕ
ಭಾನುವಾರ, ರಾತ್ರಿ 9.40

ಅಪ್ಪೆಮಿಡಿ ಅಕ್ಕನ ವಕೀಲರು ಆ ಬಾಟ್ಲಿ ವಾಪಸ್ ಕೊಟ್ರಾ ಅನ್ನೋದು ನನ್ನ ಪ್ರಶ್ನೆ :)

ನಾನು ಸಿಎ, ದಾವಣಗೆರೆ. ಮೂಲ ಪೋಸ್ಟಿಗೆ ಕೆಲವು ಮಾತು. ವಕೀಲರ ಬಿಲ್ಲಲ್ಲಿ ಜಿಎಸ್‌ಟಿ ಇರಲ್ಲ, ಅದರರ್ಥ ತೆರಿಗೆ ಇಲ್ಲ ಅಂತಲ್ಲ. ವ್ಯಾಪಾರ ಸಂಸ್ಥೆಗೆ ವಕೀಲರು ಕೊಟ್ಟ ಸೇವೆಗೆ ರಿವರ್ಸ್ ಚಾರ್ಜ್. 18 ಪರ್ಸೆಂಟ್ ನೀವೇ ಕಟ್ಟಿ, ನೀವೇ ಕ್ರೆಡಿಟ್ ತಗೋಬೇಕು. ನೋಂದಣಿ ಮಿತಿಗಿಂತ ಕೆಳಗಿನ ವಹಿವಾಟಿನವರಿಗೆ ವಿನಾಯಿತಿ. ರಸೀದಿ ಇಲ್ಲದೆ ಕೈಗೆ ಕೊಟ್ಟ 35 ಸಾವಿರವನ್ನ ನಿಮ್ಮ ಆಡಿಟರ್ ಯಾವ ತಲೆಬರಹದಲ್ಲಿ ಬರೆದ್ರು ಅಂತ ಕೇಳೋಕೇ ಭಯ ಆಗ್ತಿದೆ.

ಆ ಬ್ಯಾಲೆನ್ಸ್ ಕನ್ಫರ್ಮೇಷನ್ ಇದೆಯಲ್ಲ, ನಾವು ಆಡಿಟರ್‌ಗಳು ಮಾರ್ಚ್, ಏಪ್ರಿಲ್‌ನಲ್ಲಿ ಗೋಗರೆದು ಕಳಿಸೋ ಕಾಗದ. ಬಹಳ ಜನ ಉತ್ತರಾನೇ ಕೊಡಲ್ಲ, ಕಸ ಅಂದ್ಕೋತಾರೆ. ಸಾಲ ಒಪ್ಪಿಕೊಂಡ ಬರಹ ಅದು. ಹಣ ವಸೂಲಿಗೆ ಮೂರು ವರ್ಷದ ಗಡುವು ಇರುತ್ತಲ್ಲ, ಅದು ಮುಗಿಯೋ ಮೊದಲು ಹೀಗೆ ಬರವಣಿಗೇಲಿ ಒಪ್ಪಿಕೊಂಡ್ರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರು.

ಇನ್ನು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್). 2023-24ರಿಂದ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ್ದನ್ನ ಎಂಎಸ್‌ಎಂಇ ಕಾಯ್ದೆಯ ಗಡುವಿನೊಳಗೆ ಕೊಡದಿದ್ರೆ, ಕೊಟ್ಟ ವರ್ಷದಲ್ಲೇ ಆ ಖರ್ಚು ತೋರಿಸಬೇಕು. ಗಡುವು ಅಂದ್ರೆ ಕರಾರಿಲ್ಲದಿದ್ರೆ 15 ದಿನ, ಇದ್ರೂ 45 ದಿನ ಮೀರೋ ಹಾಗಿಲ್ಲ. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಆಫೀಸಿನ ಫೋನು ಬಿಡುವಿಲ್ಲದೆ ಹೊಡ್ಕೊಂಡಿದ್ದು ಇದಕ್ಕೇ. ಪೀಣ್ಯದ ಅಣ್ಣನ ಬಿಲ್ಲು ಅದಕ್ಕಿಂತ ಹಿಂದಿನವು, ಹಾಗಾಗಿ ಈ ಚಾವಟಿ ಅವರಿಗೆ ಸಿಗಲಿಲ್ಲ. ಮತ್ತೆ ಇದೆಲ್ಲ ತಯಾರಕರಿಗೆ ಮತ್ತು ಸೇವೆ ಕೊಡೋರಿಗೆ. ಬರೀ ಕೊಂಡು ಮಾರೋ ವ್ಯಾಪಾರಿ ಉದ್ಯಮ್ ನಂಬರ್ ಇಟ್ಕೊಂಡಿದ್ರೂ ಇದರಲ್ಲಿ ಬರಲ್ಲ.


ಕುಡ್ಲದ ಬೋಟಿನವ
ಸೋಮವಾರ, ಬೆಳಿಗ್ಗೆ 7.15

ಎಲ್ಲ ಸರಿ ಮಾರಾಯ್ರೆ, ಆದ್ರೆ ನನಗೆ ಎರಡು ವಿಷಯ ಅರ್ಥ ಆಗ್ಲಿಲ್ಲ. ಕೌನ್ಸಿಲ್‌ಗೆ ಅರ್ಜಿ ಹಾಕ್ಲಿಕ್ಕೆ ವಕೀಲರು ಬೇಕಂತಲೇ ಇಲ್ಲ. ನಾನು ಬೋಟ್ ಎಂಜಿನ್ ರಿಪೇರಿ ಮಾಡುವವ, 2 ಲಕ್ಷ 10 ಸಾವಿರದ ಬಾಕಿಗೆ ನಾನೇ ಕೂತು ಅರ್ಜಿ ಹಾಕಿದ್ದು. ಕೌನ್ಸಿಲ್‌ನ ನೋಟಿಸ್ ಹೋದದ್ದೇ ತಡ, ಪಾರ್ಟಿ ಓಡಿ ಬಂದು ದುಡ್ಡು ಕೊಟ್ಟ. ಒಂದು ಪೈಸೆ ವಕೀಲರಿಗೆ ಕೊಡ್ಲಿಲ್ಲ. ನೀವು ಯಾಕೆ 35 ಸಾವಿರ ಕೊಟ್ಟದ್ದು?

ಎರಡನೇದು, ಬಡ್ಡಿ ಯಾಕೆ ಬಿಟ್ಟದ್ದು? ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ ಅಂತ ಕಾಯ್ದೆಯಲ್ಲೇ ಉಂಟಲ್ಲ. ಆಗ ದರ 6.75, ಅಂದ್ರೆ 20.25 ಪರ್ಸೆಂಟ್. ಅಷ್ಟು ದೊಡ್ಡ ಗಂಟನ್ನು ಹಾಗೇ ಬಿಟ್ಟುಕೊಡುದಾ? ನಿಮ್ಮ ವಕೀಲರೇ ಬೇಗ ಮುಗಿಸ್ಲಿಕ್ಕೆ ಹೇಳಿದ್ದಾ ಏನು ಕಥೆ?


ಪೀಣ್ಯ ಲೇತ್
ಸೋಮವಾರ, ರಾತ್ರಿ 10.30

ಬೋಟಿನವರೇ, ಸರಿಯಾದ ಪ್ರಶ್ನೆ. ಹಗಲೆಲ್ಲ ಮೆಷಿನ್ ಮುಂದೆ ಇದನ್ನೇ ಯೋಚಿಸ್ತಿದ್ದೆ.

ನಿಮ್ಮ ಪಾರ್ಟಿ ನೋಟಿಸ್ ನೋಡಿ ಓಡಿ ಬಂದ. ನನ್ನ ಪಾರ್ಟಿ ವಕೀಲರನ್ನ ಕರ್ಕೊಂಡು ಬಂದ. ಮೊದಲ ಸಿಟ್ಟಿಂಗ್‌ನಲ್ಲೇ "ಪಿಒದಲ್ಲಿ ಆರ್ಬಿಟ್ರೇಷನ್ ಕರಾರಿದೆ, ಪುಣೆಯಲ್ಲೇ ಆಗಬೇಕು, ಈ ಕೌನ್ಸಿಲ್‌ಗೆ ಅಧಿಕಾರ ಇಲ್ಲ" ಅಂತ ಹತ್ತು ಪುಟದ ಆಕ್ಷೇಪಣೆ ಇಟ್ರು. ನಾನೊಬ್ಬನೇ ಇದ್ದಿದ್ರೆ ಅಲ್ಲೇ ಬೆವರಿ ಎದ್ದು ಬರ್ತಿದ್ದೆ. ನಮ್ಮ ವಕೀಲರು ಒಂದೂವರೆ ಪುಟದ ಉತ್ತರ ಕೊಟ್ರು. ಖಾಸಗಿ ಕರಾರು ಏನೇ ಇರಲಿ ಎಂಎಸ್‌ಎಂಇ ಕಾಯ್ದೆಯೇ ಮೇಲು ಅಂತ 2022ರಲ್ಲಿ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಆ ಹೆಸರು ನನಗೆ ಈಗ ಮನೆದೇವರ ಹೆಸರಿನ ಹಾಗೆ ಬಾಯಿಗೆ ಬಂದುಬಿಟ್ಟಿದೆ.

ಬಡ್ಡಿ ಬಿಡಿ ಅಂತ ಅವರು ಹೇಳಲಿಲ್ಲ. ರಾಜಿ ಮಾತು ಬಂದ ದಿನ ಒಂದು ಹಾಳೇಲಿ ಎರಡು ಕಂಬ ಬರೆದು ನನ್ನ ಮುಂದಿಟ್ರು. ಎಡಕ್ಕೆ, ಬಡ್ಡಿ ಸೇರಿ 21 ಲಕ್ಷ ದಾಟಿದ ಮೊತ್ತ. ಅದರ ಕೆಳಗೆ, ಆರ್ಬಿಟ್ರೇಷನ್, ಅವಾರ್ಡ್ (ಅದರ ತೀರ್ಪು), ಅದರ ವಿರುದ್ಧ ಪುಣೆಯವರ ಅರ್ಜಿ, ಆಮೇಲೆ ನಮ್ಮ ಎಕ್ಸಿಕ್ಯೂಷನ್ (ತೀರ್ಪಿನ ಜಾರಿ). ಬಲಕ್ಕೆ 13 ಲಕ್ಷ, ನಾಲ್ಕು ಕಂತು, ಅದರ ಕೆಳಗೆ ಏನೂ ಇಲ್ಲ. "ಎಡಗಡೆಯದು ಗೆಲ್ಲೋ ಕೇಸು ಅಂತ ನನಗನಿಸುತ್ತೆ. ಯಾವಾಗ ಅಂತ ಹೇಳೋಕಾಗಲ್ಲ. ನಿಮ್ಮ ದುಡ್ಡು, ನೀವು ಹೇಳಿ" ಅಂದು ಪೆನ್ನು ಕೆಳಗಿಟ್ರು.

ನನ್ನ ಮೂರನೇ ಮೆಷಿನ್ ಸಾಲದ ಕಂತು ಎರಡು ತಿಂಗಳದು ನಿಂತಿತ್ತು. ಇಬ್ಬರು ಹುಡುಗರು ಸಂಬಳ ತಡ ಆಯ್ತು ಅಂತ ಬಿಟ್ಟು ಹೋಗಿದ್ರು. ಅದು ಆ ಹಾಳೇಲಿ ಬರೆದಿರಲಿಲ್ಲ, ನನ್ನ ತಲೇಲಿತ್ತು. ಬಲಗಡೆಗೆ ಕೈ ತೋರಿಸಿದೆ. ಮನೆಗೆ ಬಂದು ಹೆಂಡತಿ ಹತ್ರ ಹೇಳಿದಾಗ ಮಾತ್ರ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ.


ಕರಿಕೋಟು
ಸೋಮವಾರ, ರಾತ್ರಿ 11.15

ನಾನಾಗಿದ್ರೆ ಇನ್ನೊಂದು ಸುತ್ತು ಎಳೀತಿದ್ದೆ. ಅವಾರ್ಡ್ ಪ್ರಶ್ನಿಸಬೇಕಾದ್ರೆ ಕೊಂಡವನು ಮೊದಲು ಶೇಕಡ 75 ಠೇವಣಿ ಇಡಬೇಕು, ಎಂಎಸ್‌ಎಂಇ ಕಾಯ್ದೆಯ 19ನೇ ಸೆಕ್ಷನ್. ಆ ಭಯ ತೋರಿಸಿ ಅಸಲಾದ್ರೂ ಪೂರ್ತಿ ತೆಗೀಬಹುದಿತ್ತು ಅನ್ಸುತ್ತೆ. ಆದ್ರೆ ನನ್ನ ಮೆಷಿನ್ ಕಂತು ನಿಂತಿರಲಿಲ್ಲವಲ್ಲ. ಎರಡು ಕಂಬ ಬರೆದು ಪೆನ್ನು ಕೆಳಗಿಟ್ಟ ರೀತಿ ಮಾತ್ರ ನಾಳೆಯಿಂದ ನಾನೂ ಮಾಡ್ತೀನಿ.

ರಾಜಿ ಪತ್ರ ಕೌನ್ಸಿಲ್ ಮುಂದೆಯೇ ದಾಖಲಾಗಿದೆ ತಾನೇ? ಹಾಗಾದ್ರೆ ಅದಕ್ಕೆ ಅವಾರ್ಡಿನದೇ ಬೆಲೆ. ಕಂತು ತಪ್ಪಿದ್ರೆ ನೇರ ಎಕ್ಸಿಕ್ಯೂಷನ್‌ಗೆ ಹೋಗಬಹುದು.


ಗೋಕುಲ ರೋಡ್ ಫರ್ನಿಚರ್
ಮಂಗಳವಾರ, ಬೆಳಿಗ್ಗೆ 9.50

ಹೋದ ವಾರ ವಕೀಲರ ನಂಬರ ಕೇಳಿದಾಂವ ನಾನ ರಿ. ಹುಬ್ಬಳ್ಳಿ. ನಾವು ಇಬ್ಬರು ಅಣ್ಣ ತಮ್ಮ ಕೂಡಿ ಫರ್ನಿಚರ್ ಮಾಡ್ತೇವಿ. ಒಂದ ಹಾಸ್ಟೆಲ್ಲಿಗೆ ಮಂಚ, ಟೇಬಲ್ ಎಲ್ಲಾ ಮಾಡಿಕೊಟ್ಟು ಆರೂವರಿ ಲಕ್ಷ ಬರಬೇಕ್ರಿ, ಎರಡ ವರ್ಷ ಆಗಾಕ ಬಂತು. ಪಾರ್ಟನರ್‌ಶಿಪ್ ಪತ್ರಾ ಮಾಡಿಸೇವಿ, ಬ್ಯಾಂಕಿನ ಖಾತೆ ತೆಗಿಯಾಕಂತ, ಆದ್ರ ರಿಜಿಸ್ಟರ್ ಮಾಡಿಸಿಲ್ಲ. ಉದ್ಯಮ್ ತಗೊಂಡದ್ದು ಮಾಲ ಕೊಟ್ಟ ಮ್ಯಾಲ. ಇಲ್ಲಿ ಒಬ್ಬ ವಕೀಲರು "ಫೀಸ್ ಏನೂ ಬ್ಯಾಡ, ಬಂದದ್ದರಾಗ ಕಾಲ ಭಾಗ ಕೊಡ್ರಿ" ಅಂತಾರ. ನಮಗ ಅದ ಚಲೋ ಅನಸಾಕ್ಹತ್ತೇತಿ. ಕೈಯಿಂದ ರೊಕ್ಕಾ ಹಾಕೂದ ಇರಂಗಿಲ್ಲಲ್ಲ.


ಕರಿಕೋಟು
ಮಂಗಳವಾರ, ಮಧ್ಯಾಹ್ನ 2.20

ಕೋರ್ಟ್ ಊಟದ ಬಿಡುವಲ್ಲಿ ಬರೀತಿದೀನಿ, ಗಡಿಬಿಡಿ ಇದ್ರೆ ಕ್ಷಮಿಸಿ.

ಕಾಲು ಭಾಗದ ಮಾತು ಬೇಡ. ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡೋದನ್ನ, ಬಂದ ಹಣದಲ್ಲಿ ಪಾಲು ಕೇಳೋದನ್ನ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮಗಳೇ ನಿಷೇಧಿಸಿವೆ. ಮೊದಲ ಭೇಟಿಯಲ್ಲೇ ನಿಯಮ ಮುರಿಯೋಕೆ ತಯಾರಿರೋರು ಆಮೇಲೆ ನಿಮ್ಮ ವಿಷಯದಲ್ಲಿ ಮಾತ್ರ ನಿಯಮ ಪಾಲಿಸ್ತಾರೆ ಅಂತ ಯಾಕೆ ನಂಬ್ತೀರಿ? ಎಡವಟ್ಟಾದ್ರೆ ಗ್ರಾಹಕರ ಕೋರ್ಟಿಗೂ ಹೋಗೋ ಹಾಗಿಲ್ಲ. ವಕೀಲರ ಸೇವೆ ಆ ಕಾಯ್ದೆಯೊಳಗೆ ಬರಲ್ಲ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯ ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅದು ದುರ್ನಡತೆಗೆ ಶಿಸ್ತು ಕ್ರಮ ತಗೊಳ್ಳೋ ಜಾಗ, ನಿಮ್ಮ ಹಣ ವಸೂಲಿ ಮಾಡೋ ಜಾಗ ಅಲ್ಲ.

ನಿಮ್ಮ ದೊಡ್ಡ ತೊಂದರೆ ರಿಜಿಸ್ಟರ್ ಆಗದ ಪಾಲುದಾರಿಕೆ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಾಯಿಸದ ಫರ್ಮು ತನ್ನ ವ್ಯವಹಾರದ ಕರಾರಿನ ಮೇಲೆ ಹೊರಗಿನವರ ವಿರುದ್ಧ ದಾವಾ ಹಾಕೋ ಹಾಗಿಲ್ಲ. ಎದುರು ವಕೀಲರು ಓದೋ ಮೊದಲ ಹಾಳೇನೇ ಅದು. ದಾವಾ ಹಾಕೋ ಮುಂಚೆ ನೋಂದಣಿ ಮುಗಿಸ್ಕೊಳ್ಳಿ. ಫರ್ಮುಗಳ ರಿಜಿಸ್ಟ್ರಾರ್ ಕೆಲಸ ನಮ್ಮಲ್ಲಿ ಜಿಲ್ಲಾ ನೋಂದಣಾಧಿಕಾರಿ ಕಚೇರೀಲಿ ಆಗುತ್ತೆ. ಮೂರು ವರ್ಷದ ಗಡುವಿನಲ್ಲಿ ನಿಮಗೆ ಉಳಿದಿರೋದು ಒಂದು ವರ್ಷ, ಆದ್ದರಿಂದ ಈ ವಾರವೇ ಹೋಗಿ.

ಉದ್ಯಮ್ ವಿಷಯ ಕಗ್ಗಂಟು. ಮಾಲು ಕೊಟ್ಟ ಮೇಲೆ ನೋಂದಣಿ ಮಾಡಿಸಿ ಹಿಂದಿನ ಬಾಕಿಗೆ ಎಂಎಸ್‌ಎಂಇ ಕಾಯ್ದೆಯ ಲಾಭ ಕೇಳೋಕಾಗಲ್ಲ ಅಂತ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ತೀರ್ಪು ಬಂತು. 2025ರ ಜನವರಿಯಲ್ಲಿ ಅದೇ ಪ್ರಶ್ನೆಯನ್ನ ಸುಪ್ರೀಂ ಕೋರ್ಟ್ ದೊಡ್ಡ ಪೀಠಕ್ಕೆ ಕಳಿಸಿದೆ. ನಿಮ್ಮ ಆರೂವರೆ ಲಕ್ಷವನ್ನ ಆ ಅನುಮಾನದ ಮೇಲೆ ಕಟ್ಟಬೇಡಿ. ಫರ್ಮ್ ನೋಂದಣಿ, 12-ಎ ಮಧ್ಯಸ್ಥಿಕೆ, ಆಮೇಲೆ ಕಮರ್ಷಿಯಲ್ ಕೋರ್ಟು. ಈ ದಾರಿ ನೇರ. ಎಷ್ಟೋ ಸಲ ಮಧ್ಯಸ್ಥಿಕೆಯಲ್ಲೇ ಮುಗಿಯುತ್ತೆ.


ಉದ್ಯಮಬಾಗ ಕಾಕಾ
ಮಂಗಳವಾರ, ಮಧ್ಯಾಹ್ನ 3.05

ಫರ್ನಿಚರ್ ತಮ್ಮಾ, ಹಾಸ್ಟೆಲ್ಲಿನವರು ಮಂಚ ಮುಟ್ಟಿದ್ದಕ್ಕ ಸಹಿ ಮಾಡ್ಯಾರೋ ಇಲ್ಲೋ, ಅದನ್ನ ಮೊದಲ ಹೇಳಪಾ.


ಗೋಕುಲ ರೋಡ್ ಫರ್ನಿಚರ್
ಮಂಗಳವಾರ, ಸಂಜೆ 6.40

ಸಹಿ ಇಲ್ರಿ ಕಾಕಾ. ವಾರ್ಡನ್ ವಾಟ್ಸಾಪ್‌ನ್ಯಾಗ "ಎಲ್ಲಾ ಬಂತು, ಎರಡ ಮಂಚ ಅಲುಗಾಡತಾವ, ಸರಿ ಮಾಡಿಕೊಡ್ರಿ" ಅಂತ ಹಾಕಿದ್ರು. ಫೋಟೋನೂ ಐತಿ. ತಮ್ಮ ಹೋಗಿ ಸರಿ ಮಾಡಿ ಬಂದಾನ. ಆ ಮೆಸೇಜ್ ನಡೀತೇತೇನ್ರಿ?


ಕರಿಕೋಟು
ಮಂಗಳವಾರ, ರಾತ್ರಿ 8.30

ಅಲುಗಾಡೋ ಮಂಚಾನೇ ನಿಮ್ಮನ್ನ ಕಾಪಾಡ್ತು ಅನ್ನಿ! ಎರಡು ಮಂಚ ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿ ಮುಟ್ಟಿದೆ ಅಂತ ಅವರೇ ಬರೆದ ಹಾಗಾಯ್ತು. ಆ ಫೋನನ್ನ ಮಾರಬೇಡಿ, ರಿಸೆಟ್ ಮಾಡಬೇಡಿ, ಚಾಟ್ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಕಾಗಲ್ಲ, ವಿದ್ಯುನ್ಮಾನ ದಾಖಲೆಗೆ ಸರ್ಟಿಫಿಕೇಟ್ ಹಾಕಬೇಕು, ನಿಮ್ಮ ವಕೀಲರು ಮಾಡ್ತಾರೆ. ಆ ಸರ್ಟಿಫಿಕೇಟಿನ ಮಾತು ಅವರೇ ಎತ್ತುತ್ತಾರಾ ನೋಡಿ. ಎತ್ತದಿದ್ರೆ ಬೇರೆಯವರನ್ನ ನೋಡಿ.


ಪೀಣ್ಯ ಲೇತ್
ಮಂಗಳವಾರ, ರಾತ್ರಿ 9.55

ಫರ್ನಿಚರ್‌ನವರೇ, ನಮ್ಮ ವಕೀಲರ ನಂಬರ್ ನಿಮಗೆ ಬೇರೆಯಾಗಿ ಕಳಿಸಿದೀನಿ. ಹುಬ್ಬಳ್ಳಿ ಕೇಸು ಅವರೇ ತಗೊಳ್ಳೋದು ಅನುಮಾನ, ಅಲ್ಲಿ ಇಂಥ ಕೇಸು ನಡೆಸೋರು ಯಾರು ಅಂತ ಕೇಳಿ. ಇವತ್ತು ಸಂಜೆ ಫೋನ್‌ನಲ್ಲಿ ನಿಮ್ಮ ವಿಷಯ ಹೇಳಿದೆ. "ಪೇಪರ್ ಜೋಡಿಸ್ಕೊಂಡು ಫೋನ್ ಮಾಡೋಕೆ ಹೇಳಿ, ಕಥೆ ಬೇಡ" ಅಂದ್ರು. ಮೊದಲ ಸಲ ಕೇಳೋರಿಗೆ ಒರಟು ಅನ್ಸುತ್ತೆ, ಬೇಜಾರು ಮಾಡ್ಕೋಬೇಡಿ.

ಕೇಳಿದವರಿಗೆ: ರಾಜಿ ಕೌನ್ಸಿಲ್ ಮುಂದೆಯೇ ದಾಖಲಾಯ್ತು. ನಾಲ್ಕು ಕಂತೂ ಬಂತು. ಕೊನೆಯದು ಒಂಬತ್ತು ದಿನ ತಡ ಆಯ್ತು. ಆ ಒಂಬತ್ತು ದಿನವೂ ಕ್ಯಾಲೆಂಡರಿನಲ್ಲಿ ಗೀಟು ಹಾಕ್ಕೊಂಡು ಕೂತಿದ್ದೆ. ಭಾವನಿಗೆ ಇವತ್ತಿಗೂ ಪೂರ್ತಿ ವಿಷಯ ಹೇಳಿಲ್ಲ. ಮೊನ್ನೆ ಹಬ್ಬಕ್ಕೆ ಬಂದಾಗ "ನಮ್ಮ ವಕೀಲರು ನೋಟಿಸ್ ಕೊಟ್ಟಿದ್ದಕ್ಕೇ ದುಡ್ಡು ಬಂತು ನೋಡು" ಅಂದ. ಹೂಂ ಅಂದೆ.